ಎಚ್ ಟ್ರ್ಯಾಕ್ ಪಾಸಾದ್ರೆ ಸಾಕಾ? ಅಂಗಡಿ ಮುಂದೆ ರಿವರ್ಸ್ ತೆಗೆಯೋ ಮುಂಚೆ ಇದನ್ನ ಓದಿ

ತಿಪಟೂರು: ಡಿಎಲ್ ಕೈಗೆ ಬಂದ ನಾಲ್ಕನೇ ದಿನ. ಮಾವನ ಗೊಬ್ಬರದ ಅಂಗಡಿ ಮುಂದೆ ನಿಲ್ಲಿಸಿದ್ದ ಕಾರನ್ನ ರಿವರ್ಸ್ ತೆಗೆಯುತ್ತಿದ್ದೆ. ಮೂರೂ ಕನ್ನಡಿ ನೋಡಿದ್ದೆ, ಹಿಂದೆ ಏನೂ ಕಾಣಲಿಲ್ಲ. ಕ್ಲಚ್ ಬಿಟ್ಟೆ. ಗಾಡಿ ಅರ್ಧ ಮಾರು ಹಿಂದೆ ಹೋಗಿರಬೇಕು, ಡಿಕ್ಕಿ ಮೇಲೆ ಯಾರೋ ದಬದಬ ಅಂತ ಬಡಿದ ಸದ್ದು. ಬ್ರೇಕ್ ತುಳಿದೆ, ಕ್ಲಚ್ ತುಳಿಯೋದು ಮರೆತು ಇಂಜಿನ್ ಆಫ್ ಆಯ್ತು.

ಇಳಿದು ನೋಡಿದ್ರೆ ಪಕ್ಕದಲ್ಲಿ ಹೂವು ಮಾರೋ ಅಜ್ಜಿ ಬಂಪರ್ ಮುಂದೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ಅವರ ಕಾಲ ಹತ್ತಿರ ನಾಲ್ಕೈದು ವರ್ಷದ ಹುಡುಗ, ಕೆಳಗೆ ಚೆಲ್ಲಿದ ಕಡ್ಲೆಪುರಿ ಆರಿಸ್ತಾ ಕುಕ್ಕರಗಾಲಲ್ಲಿ ಕೂತಿದ್ದಾನೆ. ಅವನಿಗೆ ಏನಾಯ್ತು ಅಂತಾನೂ ಗೊತ್ತಿಲ್ಲ. ಬಂಪರಿಗೂ ಅವನ ಬೆನ್ನಿಗೂ ನಡುವೆ ಇದ್ದದ್ದು ಒಂದು ಗೇಣು.

ಅಜ್ಜಿ ಬೈದಿದ್ದನ್ನ ಇಲ್ಲಿ ಬರೆಯೋಕಾಗಲ್ಲ. ನಾನು ಮಾತ್ರ ಅವತ್ತು ರಾತ್ರಿ ಊಟ ಮಾಡಲಿಲ್ಲ. ಯಾಕಂದ್ರೆ ನಾನು ಎಚ್ ಟ್ರ್ಯಾಕ್ ಪಾಸಾದವನು. ಮೂರನೇ ಸಲಕ್ಕೆ ಆದ್ರೂ ಪಾಸಾದವನೇ. ಯಾವ ಕೋಲು ಹಿಂದಿನ ಕಿಟಕಿಗೆ ಬಂದಾಗ ಸ್ಟೇರಿಂಗ್ ಎಷ್ಟು ಸುತ್ತು ಒಡೀಬೇಕು ಅಂತ ಬಾಯಿಪಾಠ ಇತ್ತು. ಕೋಲೇ ಇಲ್ಲದ ಜಾಗದಲ್ಲಿ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಈ ಬರಹ ಅದಕ್ಕೇ. ಹೈವೇಲಿ ನೂರರಲ್ಲಿ ಹೋಗೋದು, ಓವರ್‌ಟೇಕ್ ಮಾಡೋದು ಇವತ್ತಿನ ವಿಷಯ ಅಲ್ಲ. ಗಾಡಿ ನಡೆಯೋ ಸ್ಪೀಡಲ್ಲಿ ಇರುವಾಗ ಆಗೋ ಎಡವಟ್ಟುಗಳ ಬಗ್ಗೆ ಮಾತ್ರ. ರಿವರ್ಸ್, ತಿರುವು, ಏರು ಹತ್ತೋದು, ಗಾಡಿ ತಿರುಗಿಸೋದು, ಬಾಗಿಲು ತೆಗೆಯೋದು. ಪೇಟೆ ಬೀದಿಯಲ್ಲಿ ಅಂಗಡಿ ಇಟ್ಟವರು ದಿನಾ ನೋಡೋದು ಇದನ್ನೇ ತಾನೇ?

ಕೂರೋ ಮುಂಚೆ ಒಂದು ಸುತ್ತು

ಬೀಗದ ಕೈ ತಗೊಂಡ ಮೇಲೆ ನೇರವಾಗಿ ಡ್ರೈವರ್ ಬಾಗಿಲಿಗೆ ಹೋಗಬೇಡಿ. ಗಾಡಿ ಹಿಂದಿನಿಂದ ಒಂದು ಸುತ್ತು ಹಾಕಿ ಬನ್ನಿ. ಹತ್ತು ಸೆಕೆಂಡ್ ಸಾಕು. ನೆರಳಿಗೆ ಮಲಗಿರೋ ನಾಯಿ, ಯಾರೋ ಇಟ್ಟು ಹೋದ ಎಳನೀರು ಬುರುಡೆ, ಚಕ್ರಕ್ಕೆ ಕೊಟ್ಟ ಕಲ್ಲು, ಆಟ ಆಡೋ ಮಗು. ಇವು ಯಾವುವೂ ಒಳಗೆ ಕೂತ ಮೇಲೆ ಕಾಣೋದಿಲ್ಲ. ನಾನು ಅವತ್ತು ಈ ಸುತ್ತು ಹಾಕಿದ್ರೆ ಆ ಹುಡುಗ ಕಂಡೇ ಕಾಣ್ತಿದ್ದ.

ಕೂತ ಮೇಲೆ ಸೀಟು ಸರಿ ಮಾಡಿಕೊಳ್ಳಿ. ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು, ಕಾಲು ಕೋಲಿನ ಹಾಗೆ ನೆಟ್ಟಗಾದ್ರೆ ಸೀಟು ದೂರ ಆಯ್ತು ಅಂತ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಲಿ. ಪಕ್ಕದ ಕನ್ನಡಿಗಳಲ್ಲಿ ನಮ್ಮ ಗಾಡಿಯ ಬದಿ ಒಂದು ಬೆರಳಗಲ ಕಂಡ್ರೆ ಸಾಕು, ಉಳಿದದ್ದು ರಸ್ತೆ. ಹೊರಗಿನ ಕನ್ನಡಿ ಉಬ್ಬಿರೋದ್ರಿಂದ ಹಿಂದೆ ಬರೋ ಲಾರಿ ಇರೋದಕ್ಕಿಂತ ದೂರ ಇರೋ ಹಾಗೆ ಕಾಣುತ್ತೆ, ಅದನ್ನ ನಂಬಿ ಗಾಡಿ ಒಳಗೆ ತೂರಿಸಬೇಡಿ. ಸೀಟ್ ಬೆಲ್ಟ್ ಹೇಳಬೇಕಾಗಿಲ್ಲ.

ಇನ್ನೊಂದು ಸಣ್ಣ ವಿಷಯ. ಸೀಟಿನ ಕೆಳಗೆ ನೀರಿನ ಬಾಟ್ಲಿ ಬಿಟ್ಟಿರಬೇಡಿ. ಬ್ರೇಕ್ ಹಾಕಿದಾಗ ಅದು ಉರುಳಿ ಬಂದು ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡ್ರೆ ನೀವು ಎಷ್ಟು ತುಳಿದ್ರೂ ಗಾಡಿ ನಿಲ್ಲಲ್ಲ. ಹವಾಯಿ ಚಪ್ಪಲಿ ಹಾಕ್ಕೊಂಡು ಓಡಿಸೋದೂ ಅಷ್ಟೇ ಅಪಾಯ, ತುದಿ ಮಡಚಿ ಪೆಡಲ್‌ಗೆ ಸಿಗುತ್ತೆ. ಬಿಚ್ಚಿ ಪಕ್ಕದ ಸೀಟಿನ ಕೆಳಗೆ ಇಡಿ.

ಹಾಫ್ ಕ್ಲಚ್ ಗೊತ್ತಾದ್ರೆ ಅರ್ಧ ಡ್ರೈವಿಂಗ್ ಬಂದ ಹಾಗೆ

ಹೊಸಬರು ಗಾಡಿನ ಎಕ್ಸಲೇಟರ್‌ನಿಂದ ಓಡಿಸೋಕೆ ಹೋಗ್ತಾರೆ. ಇಕ್ಕಟ್ಟು ಜಾಗದಲ್ಲಿ ಗಾಡಿ ಓಡಬೇಕಾದ್ದು ಕ್ಲಚ್‌ನಿಂದ.

ಕ್ಲಚ್ ಅಂದ್ರೆ ಏನು? ಸರಳವಾಗಿ ಹೇಳೋದಾದ್ರೆ, ಇಂಜಿನ್ ಕಡೆಯ ಒಂದು ತಟ್ಟೆ, ಗೇರ್ ಬಾಕ್ಸ್ ಕಡೆಯ ಇನ್ನೊಂದು ತಟ್ಟೆ. ಪೆಡಲ್ ತುಳಿದಾಗ ಎರಡೂ ಬಿಟ್ಟುಕೊಳ್ತವೆ, ಇಂಜಿನ್ ತಿರುಗಿದ್ರೂ ಚಕ್ರಕ್ಕೆ ಸಂಬಂಧ ಇರಲ್ಲ. ಪೆಡಲ್ ಪೂರ್ತಿ ಬಿಟ್ಟಾಗ ಎರಡೂ ಅಂಟಿಕೊಳ್ತವೆ. ನಡುವೆ ಒಂದು ಜಾಗ ಇದೆ, ಅಲ್ಲಿ ತಟ್ಟೆಗಳು ಒಂದನ್ನೊಂದು ಉಜ್ಜುತ್ತಾ ಅರ್ಧ ಶಕ್ತಿ ದಾಟಿಸ್ತವೆ. ಅದೇ ಹಾಫ್ ಕ್ಲಚ್. ಪೆಡಲ್ ನಿಧಾನ ಬಿಡ್ತಾ ಬಂದ್ರೆ ಆ ಜಾಗದಲ್ಲಿ ಇಂಜಿನ್ ಸದ್ದು ಸ್ವಲ್ಪ ತಗ್ಗುತ್ತೆ, ಬಾನೆಟ್ ಒಂಚೂರು ಅದುರುತ್ತೆ. ಅದು ಕಾಲಿಗೆ ಗೊತ್ತಾಗಬೇಕು, ತಲೆಗಲ್ಲ.

ಕಲಿಯೋ ದಾರಿ ಇದು. ಖಾಲಿ ಮೈದಾನಕ್ಕೆ ಹೋಗಿ, ಸಮತಟ್ಟು ಜಾಗ. ಫಸ್ಟ್ ಗೇರ್ ಹಾಕಿ. ಬಲಗಾಲನ್ನ ಬ್ರೇಕ್ ಮೇಲೆ ಇಟ್ಟುಕೊಳ್ಳಿ, ಎಕ್ಸಲೇಟರ್ ಮುಟ್ಟಲೇ ಬೇಡಿ. ಬ್ರೇಕ್ ಸಡಿಲ ಮಾಡಿ, ಕ್ಲಚ್ ಅನ್ನು ಕೂದಲಷ್ಟು ಕೂದಲಷ್ಟು ಬಿಡ್ತಾ ಬನ್ನಿ. ಗಾಡಿ ತಾನಾಗೇ ಹೊರಡುತ್ತೆ. ಹೊರಟ ಕೂಡಲೇ ಕ್ಲಚ್ ಒತ್ತಿ, ಬ್ರೇಕ್ ಹಿಡಿದು ನಿಲ್ಲಿಸಿ. ಮತ್ತೆ. ಹತ್ತು ಮೀಟರ್ ದೂರವನ್ನ ಎಷ್ಟು ಹೆಚ್ಚು ಹೊತ್ತು ತಗೊಂಡು ದಾಟ್ತೀರೋ ಅಷ್ಟು ಕಲಿತಿದ್ದೀರಿ ಅಂತ ಅರ್ಥ. ಇದೇ ಪಾಠವನ್ನ ರಿವರ್ಸ್ ಗೇರಲ್ಲೂ ಮಾಡಿ. ಇಪ್ಪತ್ತು ಮೂವತ್ತು ಸಲ ಇಂಜಿನ್ ಆಫ್ ಆಗುತ್ತೆ, ಆಗಲಿ. ಇಂಜಿನ್ ಆಫ್ ಆದ್ರೆ ಯಾರೂ ಸಾಯಲ್ಲ.

ಒಂದು ಎಚ್ಚರಿಕೆ: ಹಾಫ್ ಕ್ಲಚ್ ಇಕ್ಕಟ್ಟಿಗೆ ಮಾತ್ರ. ಖಾಲಿ ರಸ್ತೆಯಲ್ಲೂ ಎಡಗಾಲನ್ನ ಕ್ಲಚ್ ಮೇಲೇ ಇಟ್ಟುಕೊಂಡು ಹೋಗೋರಿದ್ದಾರೆ. ತಟ್ಟೆ ಉಜ್ಜಿ ಉಜ್ಜಿ ಸುಟ್ಟ ವಾಸನೆ ಬರುತ್ತೆ. ಆಮೇಲೆ ಗ್ಯಾರೇಜಿನವನು ಬರೆಯೋ ಬಿಲ್ಲು ನಿಮ್ಮದೇ.

ರಿವರ್ಸ್: ಸುತ್ತು ಎಣಿಸಬೇಡಿ, ಹಿಂದೆ ನೋಡಿ

ಟ್ರ್ಯಾಕಲ್ಲಿ ಪಾಸಾಗೋಕೆ ನಾವು ಕಲಿಯೋದು ಎಣಿಕೆ. 'ಇಲ್ಲಿ ಬಲಕ್ಕೆ ಫುಲ್ ಒಡಿ, ಅಲ್ಲಿ ಒಂದೂವರೆ ಸುತ್ತು ಬಿಡು'. ಆ ಎಣಿಕೆ ಆ ಗಾಡಿಗೆ, ಆ ಟ್ರ್ಯಾಕಿಗೆ ಮಾತ್ರ. ಗಾಡಿ ಬದಲಾದ್ರೆ ಮುಗೀತು.

ನೆನಪಿಡಬೇಕಾದ ಲೆಕ್ಕ ಒಂದೇ. ಗಾಡಿಯ ಹಿಂಭಾಗ ಯಾವ ಕಡೆ ಹೋಗಬೇಕೋ ಸ್ಟೇರಿಂಗ್ ಆ ಕಡೆಗೇ ತಿರುಗಿಸಿ. ಹಿಂಭಾಗ ಎಡಕ್ಕೆ ಬೇಕು, ಎಡಕ್ಕೆ ಒಡಿ. ಅಷ್ಟೇ. (ಟ್ರ್ಯಾಕ್ಟರ್ ಟ್ರೈಲರ್ ರಿವರ್ಸ್ ಮಾಡಿ ಅಭ್ಯಾಸ ಇರೋ ತೋಟದ ಹುಡುಗರಿಗೆ ಇದು ಮೊದಲು ತಲೆ ಕೆಡಿಸುತ್ತೆ, ಯಾಕಂದ್ರೆ ಟ್ರೈಲರ್‌ಗೆ ಶುರುವಿನಲ್ಲಿ ಉಲ್ಟಾ ಒಡೀಬೇಕು. ಕಾರಿಗೆ ಕೂತಾಗ ಅದನ್ನ ಮರೆತುಬಿಡಿ.)

ಆದ್ರೆ ಹಿಂಭಾಗ ಎಡಕ್ಕೆ ಹೋಗುವಾಗ ಮೂತಿ ಬಲಕ್ಕೆ ಬೀಸುತ್ತೆ. ಎಲ್ಲರೂ ಮರೆಯೋದು ಇದನ್ನೇ. ಹಿಂದೆ ನೋಡ್ತಾ ನೋಡ್ತಾ ಮುಂದಿನ ಬಂಪರ್ ಮೂಲೆ ಪಕ್ಕದಲ್ಲಿ ನಿಲ್ಲಿಸಿದ್ದ ಬೈಕಿಗೆ ತಾಗಿ, ಅದು ಬಿದ್ದು, ಅದರ ಪಕ್ಕದ ಇನ್ನೆರಡು ಬೈಕು ಸಾಲಾಗಿ ಬೀಳೋದನ್ನ ಬಿ.ಎಚ್. ರಸ್ತೆಯಲ್ಲಿ ಅಂಗಡಿ ಇಟ್ಟವರಿಗೆ ನಾನು ವಿವರಿಸಬೇಕಾಗಿಲ್ಲ. ಹಾಗಾಗಿ ಎರಡು ಸೆಕೆಂಡ್ ಹಿಂದೆ, ಒಂದು ಕಣ್ಣು ಮುಂದಿನ ಮೂಲೆಗಳಿಗೆ, ಮತ್ತೆ ಹಿಂದೆ.

ನೋಡೋದು ಹೇಗೆ? ಕನ್ನಡಿ ಸಾಲದು. ಎಡಗೈ ಪಕ್ಕದ ಸೀಟಿನ ಬೆನ್ನಿಗೆ ಹಾಕಿ, ಸೊಂಟದಿಂದ ತಿರುಗಿ, ಹಿಂದಿನ ಗಾಜಿನ ಮೂಲಕ ನೇರವಾಗಿ ನೋಡಿ. ಬಲಗೈ ಸ್ಟೇರಿಂಗಿನ ಮೇಲ್ತುದಿಯಲ್ಲಿ ಇರಲಿ. ನೇರ ಹಿಂದೆ ಹೋಗುವಾಗ ಇಷ್ಟು ಸಾಕು. ತುಂಬಾ ಒಡೀಬೇಕಾದ ಜಾಗದಲ್ಲಿ ಎರಡೂ ಕೈ ಬೇಕಾಗುತ್ತೆ, ಆಗ ಗಾಡಿ ನಿಲ್ಲಿಸಿಕೊಂಡು ಒಡೀರಿ. ಕಾಲು ಹಾಫ್ ಕ್ಲಚ್ಚಲ್ಲಿ, ಇನ್ನೊಂದು ಕಾಲು ಬ್ರೇಕ್ ಮೇಲೆ. ಎಕ್ಸಲೇಟರ್ ಬೇಡ. ಒಂದು ಕ್ಷಣ ಅನುಮಾನ ಬಂದ್ರೂ ನಿಲ್ಲಿಸಿ, ಇಳಿದು ನೋಡಿ. ಹಿಂದಿನವನು ಹಾರನ್ ಹೊಡೀತಾನೆ ಅಂತ ಗಾಬರಿ ಬೀಳಬೇಡಿ. ಹಾರನ್ ಹೊಡೆದೋನು ನಿಮ್ಮ ಕೇಸಿಗೆ ಬರಲ್ಲ.

ಆ ಘಟನೆ ಆದ ಮೇಲೆ ಒಂದು ಭಾನುವಾರ ಮಾವನ ಕಾರಿನ ಹಿಂದೆ ಪ್ಲಾಸ್ಟಿಕ್ ಬಿಂದಿಗೆ ಇಟ್ಟು ನೋಡಿದೆ. ತಮ್ಮ ಬಿಂದಿಗೆ ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗ್ತಾ ಹೋದ. ನಾನು ಡ್ರೈವರ್ ಸೀಟಲ್ಲಿ ಕೂತು ತಿರುಗಿ ನೋಡ್ತಿದ್ದೆ. ಬಿಂದಿಗೆಯ ಬಾಯಿ ನನಗೆ ಕಂಡಿದ್ದು ಎಂಟನೇ ಹೆಜ್ಜೆಗೆ. ಅಲ್ಲಿಯವರೆಗೂ ಗಾಜಿನಲ್ಲಿ ಬರೀ ಖಾಲಿ ರಸ್ತೆ. ಕುಕ್ಕರಗಾಲಲ್ಲಿ ಕೂತ ಮಗು ಬಿಂದಿಗೆಗಿಂತ ಎಷ್ಟು ಎತ್ತರ ಇದ್ದೀತು ನೀವೇ ಹೇಳಿ. ನಿಮ್ಮ ಎತ್ತರಕ್ಕೆ, ನಿಮ್ಮ ಗಾಡಿಗೆ ಈ ಲೆಕ್ಕ ಬೇರೆ ಬರುತ್ತೆ. ಮನೆ ಮುಂದೆ ಒಮ್ಮೆ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಕ್ಯಾಮೆರಾ ಇದ್ರೆ ಒಳ್ಳೇದು, ಆದ್ರೆ ಪರದೆ ನೋಡ್ತಾ ಕೂತ್ರೆ ಪಕ್ಕದಿಂದ ಓಡಿ ಬರೋರು ಅದರಲ್ಲಿ ಕಾಣೋದು ತಡ. ಮಳೆಗಾಲದಲ್ಲಿ ಆ ಕಣ್ಣಿಗೆ ಕೆಸರು ಮೆತ್ತಿಕೊಂಡಿರುತ್ತೆ, ಯಾರೂ ಒರೆಸಲ್ಲ.

ಎಲ್ಲಕ್ಕಿಂತ ಒಳ್ಳೆ ಉಪಾಯ ಅಂದ್ರೆ ಹೋಗುವಾಗ ರಿವರ್ಸ್ ಮಾಡೋ ಪ್ರಸಂಗವನ್ನೇ ತಪ್ಪಿಸೋದು. ಬಂದಾಗಲೇ ರಿವರ್ಸಲ್ಲಿ ಒಳಗೆ ಹಾಕಿ ನಿಲ್ಲಿಸಿ. ಬರುವಾಗ ಆ ಜಾಗವನ್ನ ಈಗಷ್ಟೇ ಕಣ್ಣಾರೆ ನೋಡಿರ್ತೀರಿ, ಖಾಲಿ ಅಂತ ಗೊತ್ತಿರುತ್ತೆ. ಹೊರಡುವಾಗ ಮುಂದೆ ನೋಡಿಕೊಂಡು ರಸ್ತೆಗೆ ಇಳೀಬಹುದು. ಅಂಗಡಿಯವರೂ ಗಿರಾಕಿಗಳಿಗೆ ಇದನ್ನ ಹೇಳಬಹುದು.

'ಬಾ ಬಾ ಬಾ' ಅನ್ನೋರಿಗೆ ಎರಡು ಮಾತು

ಯಾರಾದ್ರೂ ರಿವರ್ಸ್ ತೆಗೀತಿದ್ರೆ ನಮ್ಮ ಜನ ಸುಮ್ಮನೆ ನಿಲ್ಲಲ್ಲ. ಅಂಗಡಿಯಿಂದ ಇಳಿದು ಬಂದು ಗಾಡಿ ಹಿಂದೆ ನಿಂತು 'ಬಾ, ಬಾ, ಬಾ, ಬಲಕ್ಕೆ ಕಟ್ ಮಾಡು, ಹೋಲ್ಡಾನ್' ಅಂತಾರೆ. ಸಹಾಯ ಮಾಡೋ ಮನಸ್ಸು ದೊಡ್ಡದು, ಆದ್ರೆ ನಿಂತ ಜಾಗ ತಪ್ಪು. ನೇರ ಹಿಂದೆ ನಿಂತವನು ಡ್ರೈವರಿಗೆ ಕಾಣೋದೇ ಇಲ್ಲ. ಕಾಲು ಜಾರಿದ್ರೆ ಗಾಡಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳೋನೂ ಅವನೇ.

ನಿಲ್ಲಬೇಕಾದ್ದು ಗಾಡಿಯ ಬಲ ಹಿಂದಿನ ಮೂಲೆಯಿಂದ ಆಚೆ, ಡ್ರೈವರ್‌ನ ಬಲ ಕನ್ನಡಿಯಲ್ಲಿ ಮುಖ ಕಾಣೋ ಹಾಗೆ. ನಿಮಗೆ ಅವನ ಮುಖ ಕನ್ನಡಿಯಲ್ಲಿ ಕಾಣದಿದ್ರೆ ಅವನಿಗೂ ನೀವು ಕಾಣ್ತಿಲ್ಲ. 'ಬಲಕ್ಕೆ' ಅಂದಾಗ ಯಾರ ಬಲಕ್ಕೆ? ಎದುರು ಬದುರು ನಿಂತಾಗ ಇಬ್ಬರದೂ ಬೇರೆ. ಬಾಯಲ್ಲಿ ಹೇಳೋದಕ್ಕಿಂತ ಕೈ ತೋರಿಸಿ. ನಿಲ್ಲಿಸೋಕೆ ಒಂದೇ ಸನ್ನೆ ಇಟ್ಟುಕೊಳ್ಳಿ, ಅಂಗೈ ಎತ್ತಿ ಹಿಡಿಯೋದು. ಗಾಡಿ ಮೇಲೆ ತಟ್ಟೋ ಅಭ್ಯಾಸ ಇದ್ಯಲ್ಲ, ಒಬ್ಬರಿಗೆ ಒಂದು ತಟ್ಟು ಅಂದ್ರೆ ನಿಲ್ಲಿಸು, ಇನ್ನೊಬ್ಬರಿಗೆ ಹೋಗು. ಗಾಬರಿ ಆದಾಗ ನಮ್ಮ ಅಜ್ಜಿ ಬಡಿದ ಹಾಗೆ ದಬದಬ ಬಡೀರಿ, ಅದರ ಅರ್ಥ ಮಾತ್ರ ಎಲ್ಲರಿಗೂ ಆಗುತ್ತೆ. ಆ ಅಜ್ಜಿ ಇವತ್ತಿಗೂ ನಾನು ಕಾರು ಹತ್ತೋದು ಕಂಡ್ರೆ ಹೂವಿನ ಬುಟ್ಟಿ ಒಳಕ್ಕೆ ಎಳ್ಕೊಳ್ತಾರೆ.

ಡ್ರೈವರ್‌ಗಳೂ ಅಷ್ಟೇ. ಯಾರೋ 'ಬಾ' ಅಂದ್ರು ಅಂತ ಕಣ್ಣು ಮುಚ್ಚಿ ಬಿಡಬೇಡಿ. ತಾಗಿದ್ರೆ ಹೊಣೆ ಸ್ಟೇರಿಂಗ್ ಹಿಡಿದೋರದ್ದೇ.

ಚಪ್ಪಡಿ ಮುರಿಯೋದು ಹಿಂದಿನ ಚಕ್ರ

ಪೇಟೆಯ ಅಡ್ಡರಸ್ತೆಗಳಿಗೆ ಎಡಕ್ಕೆ ತಿರುಗುವಾಗ ಆಗೋದು ಇದು. ಮುಂದಿನ ಚಕ್ರ ಚರಂಡಿ ದಾಟಿ ಸರಿಯಾಗೇ ಹೋಗಿರುತ್ತೆ, ಹಿಂದಿನ ಎಡ ಚಕ್ರ ಮೂಲೆಯ ಚಪ್ಪಡಿ ಮೇಲೆ ಹತ್ತಿ ಕಲ್ಲು ಮುರೀತದೆ. ಯಾಕೆ? ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಲ್ಲೇ ಬರಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತೆ. ಗಾಡಿ ಉದ್ದ ಆದಷ್ಟೂ ಹೆಚ್ಚು ಒಳಗೆ ಬರುತ್ತೆ. ಕೊಬ್ಬರಿ ಲೋಡಿನ ಲಾರಿ ಎಡಕ್ಕೆ ತಿರುಗೋ ಮುಂಚೆ ಬಲಕ್ಕೆ ಹೋಗೋ ಹಾಗೆ ಕಾಣೋದು ಇದಕ್ಕೇ. ಅದು ಬಲಕ್ಕೆ ಹೋಯ್ತು ಅಂತ ಎಡಗಡೆ ಸಂದಿಯಲ್ಲಿ ಬೈಕ್ ನುಗ್ಗಿಸಿದ್ರೆ ಲಾರಿಯ ಹಿಂದಿನ ಚಕ್ರಕ್ಕೆ ಹೋದ ಹಾಗೆ.

ಕಾರಲ್ಲಿ ಮಾಡಬೇಕಾದ್ದು: ತಿರುವಿಗೆ ಮುಂಚೆಯೇ ಇಂಡಿಕೇಟರ್, ಎಡ ಕನ್ನಡಿ, ಸೆಕೆಂಡ್ ಗೇರಿಗೆ ಇಳಿಸಿ, ಸ್ಪೀಡ್ ತಗ್ಗಿಸಿ. ಮೂಲೆಗೆ ನಿಮ್ಮ ಭುಜ ಹತ್ತಿರ ಹತ್ತಿರ ಸಮ ಆದ ಮೇಲೆ ಒಡೀರಿ, ಮೂಲೆ ಕಂಡ ತಕ್ಷಣ ಅಲ್ಲ. ತಿರುವಿನ ನಡುವೆ ಕ್ಲಚ್ ಪೂರ್ತಿ ತುಳಿದು ತೇಲಿಸಿಕೊಂಡು ಹೋಗಬೇಡಿ.

ಊರಿನ ಮಣ್ಣಿನ ರಸ್ತೆಯಿಂದ ಹೈವೇಗೆ ಸೇರೋ ಜಾಗ ಇನ್ನೊಂದು ಕಷ್ಟ. ಹಳ್ಳಿ ರಸ್ತೆ ಕೆಳಗೆ, ಟಾರ್ ರಸ್ತೆ ಮೇಲೆ. ಕೆ.ಬಿ. ಕ್ರಾಸ್ ಕಡೆಯಿಂದ ಬರೋ ಲಾರಿ 60ರಲ್ಲಿದ್ರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತೆ. ಕಲಿಯೋರಿಗೆ ಗಾಡಿ ಎಬ್ಬಿಸಿ ರಸ್ತೆ ದಾಟೋಕೆ ನಾಲ್ಕೈದು ಸೆಕೆಂಡ್ ಬೇಕೇ ಬೇಕು. ಅಂದ್ರೆ ಲಾರಿ ಎಪ್ಪತ್ತು ಎಂಬತ್ತು ಮೀಟರ್ ಹತ್ತಿರ ಬಂದಿರುತ್ತೆ. ನಡುವೆ ಇಂಜಿನ್ ಆಫ್ ಆದ್ರೆ ಲೆಕ್ಕ ಮುಗೀತು. ಹಾಗಾಗಿ ಅಂಚಿನಲ್ಲಿ ಪೂರ್ತಿ ನಿಲ್ಲಿಸಿ, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ. ಮೇನ್ ರೋಡಲ್ಲಿ ಹೋಗ್ತಿರೋನಿಗೆ ಮೊದಲ ದಾರಿ.

ಏರಲ್ಲಿ ನಿಲ್ಲಿಸಿ ಎಬ್ಬಿಸೋದು

ಕೆರೆ ಏರಿ ಹತ್ತುವಾಗ ಎದುರಿಗೆ ಎತ್ತಿನಗಾಡಿ ಬಂತು, ನಿಲ್ಲಿಸಿದ್ರಿ. ಹಿಂದೆ ಒಂದು ಗೂಡ್ಸ್ ಆಟೊ ಬಂದು ಮೈಗೆ ಅಂಟಿ ನಿಂತಿದೆ. ಈಗ ಬ್ರೇಕ್ ಬಿಟ್ಟು ಎಕ್ಸಲೇಟರ್‌ಗೆ ಕಾಲು ಹೋಗೋ ಅಷ್ಟರಲ್ಲಿ ಗಾಡಿ ಹಿಂದೆ ಜಾರುತ್ತೆ.

ಹ್ಯಾಂಡ್ ಬ್ರೇಕ್ ಇರೋದೇ ಇದಕ್ಕೆ. ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಎಳೆಯಿರಿ. ಕ್ಲಚ್ ತುಳಿದು ಫಸ್ಟ್ ಗೇರ್ ಹಾಕಿ. ಬಲಗಾಲಲ್ಲಿ ಎಕ್ಸಲೇಟರ್ ಸ್ವಲ್ಪ ಒತ್ತಿ, ಇಂಜಿನ್ ಗುಂಯ್ ಅನ್ನೋಷ್ಟು. ಕ್ಲಚ್ ನಿಧಾನ ಬಿಡಿ. ಬಾನೆಟ್ ಒಂಚೂರು ಮೇಲೆದ್ದು ಗಾಡಿ ಹಗ್ಗ ಜಗ್ಗೋ ಎತ್ತಿನ ಹಾಗೆ ಮುಂದಕ್ಕೆ ಎಳೀತದೆ. ಆಗ, ಆಗ ಮಾತ್ರ ಹ್ಯಾಂಡ್ ಬ್ರೇಕ್ ಇಳಿಸಿ. ಒಂದಿಂಚೂ ಜಾರಲ್ಲ. ಹ್ಯಾಂಡ್ ಬ್ರೇಕ್ ಹಳೇ ಕೇಬಲ್ ಸಡಿಲ ಆಗಿ ಕೆಲಸ ಮಾಡದ ಗಾಡಿಯಲ್ಲಿ ಇದನ್ನ ಕಲಿಯೋಕೆ ಹೋಗಬೇಡಿ, ಮೊದಲು ಟೈಟ್ ಮಾಡಿಸಿ. ಇದು ಬರೀ ಸಲಹೆ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ ಡ್ರೈವಿಂಗ್ ಟೆಸ್ಟಿಗೆ ಏನೇನು ಬರಬೇಕು ಅಂತ ಪಟ್ಟಿ ಇದೆ. ಕಡಿದಾದ ಏರಲ್ಲಿ ನಿಲ್ಲಿಸಿ, ಹಿಂದೆ ಜಾರದೆ ಮತ್ತೆ ಹೊರಡೋದು ಅದರಲ್ಲಿದೆ. ಇಕ್ಕಟ್ಟು ಜಾಗಕ್ಕೆ ರಿವರ್ಸ್ ಹಾಕೋದೂ ಇದೆ, ಮುಂದೆ ಹಿಂದೆ ಮಾಡಿ ಗಾಡಿ ತಿರುಗಿಸೋದೂ ಇದೆ.

ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸೋ ಜಾಣರು ಪ್ರತಿ ಊರಲ್ಲೂ ಇದ್ದಾರೆ. ಈಗಿನ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಗೇರಲ್ಲಿದ್ದು ಎಕ್ಸಲೇಟರ್ ಬಿಟ್ರೆ ಪೆಟ್ರೋಲ್ ಹೋಗೋದು ತಾನಾಗೇ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿದ್ರೆ ಇಂಜಿನ್ ಆಡ್ತಿರೋಕೆ ಪೆಟ್ರೋಲ್ ಬೇಕು. ಉಳಿಯೋದು ಏನೂ ಇಲ್ಲ. ಮೇಲಾಗಿ ಇಂಜಿನ್ ಹಿಡಿತ ಹೋಗಿ ಎಲ್ಲಾ ಭಾರ ಬ್ರೇಕ್ ಮೇಲೆ ಬೀಳುತ್ತೆ, ಕಾದ ಬ್ರೇಕ್ ಹಿಡಿಯಲ್ಲ. ಹತ್ತಿದ ಗೇರಲ್ಲೇ ಇಳೀರಿ.

ಗಾಡಿ ತಿರುಗಿಸೋದು, ಬಾಗಿಲು ತೆಗೆಯೋದು

ಸಣ್ಣ ಕಾರುಗಳು ಪೂರ್ತಿ ಒಡೆದಾಗ ಹಾಕೋ ಸುತ್ತಿನ ಅರ್ಧ ಅಳತೆ ಸುಮಾರು ನಾಲ್ಕೂವರೆಯಿಂದ ಐದು ಮೀಟರ್. ಅಂದ್ರೆ ಒಂದೇ ಏಟಿಗೆ ಯು-ಟರ್ನ್ ಆಗಬೇಕಾದ್ರೆ ಹತ್ತು ಮೀಟರ್ ಅಗಲ ಬೇಕು. ನಮ್ಮ ಬಹಳಷ್ಟು ಬೀದಿಗಳಲ್ಲಿ ಎರಡೂ ಕಡೆ ಬೈಕ್ ನಿಲ್ಲಿಸಿದ ಮೇಲೆ ಅಷ್ಟು ಉಳಿಯಲ್ಲ. ಗೊತ್ತಿದ್ದೂ ನುಗ್ಗಿ, ರಸ್ತೆ ನಡುವೆ ಅಡ್ಡ ನಿಂತು, ಎರಡೂ ಕಡೆ ಹಾರನ್ ಕೇಳಿ ಬೆವರೋದು ಹೊಸಬರ ಪಾಡು. ಮುಂದೆ ಹೋಗಿ ಅಗಲ ಜಾಗ ನೋಡಿ ತಿರುಗಿಸಿಕೊಂಡು ಬನ್ನಿ, ಅರ್ಧ ಕಿಲೋಮೀಟರ್ ಹೆಚ್ಚಾದ್ರೆ ಏನೂ ಲುಕ್ಸಾನಿಲ್ಲ.

ತಿರುಗಿಸಲೇಬೇಕು ಅಂದ್ರೆ ಮೂರು ಏಟಿಗೆ: ಎಡ ಅಂಚಿಗೆ ನಿಲ್ಲಿಸಿ, ಎರಡೂ ಕಡೆ ಖಾಲಿ ಇದೆ ಅಂತ ನೋಡಿ, ಬಲಕ್ಕೆ ಪೂರ್ತಿ ಒಡೆದು ಆಚೆ ಅಂಚಿನವರೆಗೆ. ಎಡಕ್ಕೆ ಪೂರ್ತಿ ಒಡೆದು ರಿವರ್ಸ್. ಮತ್ತೆ ಬಲಕ್ಕೆ ಒಡೆದು ಮುಂದೆ. ಹಿಂದೆ ಚರಂಡಿ ಇದ್ರೆ ಒಂದು ಮೊಳ ಮುಂಚೆಯೇ ನಿಲ್ಲಿಸಿ.

ಬಾಗಿಲಿನ ವಿಷಯ ಸಣ್ಣದು ಅಂತ ಅಂದ್ಕೋಬೇಡಿ. ರಸ್ತೆ ಎಡಕ್ಕೆ ನಿಲ್ಲಿಸಿದ ಕಾರಿನ ಡ್ರೈವರ್ ಬಾಗಿಲು ತೆರೆಯೋದೇ ವಾಹನ ಓಡೋ ಕಡೆಗೆ. ಹಿಂದಿಂದ ಬೈಕಲ್ಲಿ ಬರೋನು ಬಾಗಿಲಿಗೆ ಹೊಡೆದು ಬಿದ್ರೆ, ಅವನ ಹಿಂದೆ ಬಸ್ಸು ಇರಬಹುದು. ಬಲ ಬಾಗಿಲನ್ನ ಎಡಗೈಯಿಂದ ತೆಗೆಯೋ ಅಭ್ಯಾಸ ಮಾಡ್ಕೊಳ್ಳಿ. ಎಡಗೈ ಅಲ್ಲಿಗೆ ಹೋಗಬೇಕಾದ್ರೆ ಮೈ ತಿರುಗುತ್ತೆ, ಮೈ ತಿರುಗಿದ್ರೆ ಕಣ್ಣು ತಾನಾಗೇ ಹಿಂದಕ್ಕೆ ಹೋಗುತ್ತೆ.

ಸುಗ್ಗಿ ಕಾಲಕ್ಕೆ ಒಂದು ಮಾತು. ರಸ್ತೆ ಮೇಲೆ ರಾಗಿ, ಹುರುಳಿ ಹರಡಿರ್ತಾರೆ. ಅದರ ಮೇಲೆ ಜೋರಾಗಿ ಬ್ರೇಕ್ ಹಾಕಿದ್ರೆ ಜಾರುತ್ತೆ, ಸ್ಟೇರಿಂಗ್ ಒಡೆದ್ರೂ ಕೇಳಲ್ಲ. ಹುರುಳಿ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತೋದೂ ಉಂಟು. ಸುತ್ತಿಕೊಂಡ ಹಾಗೆ ಅನ್ನಿಸಿದ್ರೆ ದಾಟಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ನೋಡಿ.

ಸ್ಕೂಟಿ ಕಲಿಯೋರಿಗೂ ಒಂದು ಮಾತು ಹೇಳಿಬಿಡ್ತೀನಿ. ಗಾಡಿ ಸ್ಟ್ಯಾಂಡಿಂದ ಇಳಿಸುವಾಗ, ತಳ್ಳಿ ತಿರುಗಿಸುವಾಗ ಇಂಜಿನ್ ಆಫ್ ಇರಲಿ. ಆನ್ ಇದ್ದಾಗ ಗಾಡಿ ವಾಲಿದ್ರೆ ಹಿಡ್ಕೊಳ್ಳೋಕೆ ಬಲಗೈ ಬಿಗಿಯಾಗುತ್ತೆ, ಬಿಗಿದ ಕೈ ಎಕ್ಸಲೇಟರ್ ತಿರುಗಿಸುತ್ತೆ, ಸ್ಕೂಟಿ ನೇರ ಅಂಗಡಿ ಒಳಗೆ. ಇದು ದುಡುಕಲ್ಲ, ಗಾಬರಿಯಲ್ಲಿ ಯಾರ ಕೈಯಾದ್ರೂ ಹಾಗೇ ಮಾಡುತ್ತೆ.

ಎಲ್ ಬೋರ್ಡ್ ಇದ್ರೆ ಸಾಲದು

ಎಲ್‌ಎಲ್‌ಆರ್ ಸಿಕ್ಕಿದ ಮೇಲೆ ಒಬ್ಬರೇ ಓಡಿಸಬಹುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆಗಲ್ಲ. ಡಿಎಲ್ ಇರೋ ಒಬ್ಬರು ಪಕ್ಕದಲ್ಲಿ, ಬೇಕಾದಾಗ ಗಾಡಿ ನಿಲ್ಲಿಸೋಕೆ ಆಗೋ ಹಾಗೆ ಕೂತಿರಬೇಕು. ಹಿಂದಿನ ಸೀಟಲ್ಲಿ ಮೊಬೈಲ್ ನೋಡ್ತಾ ಕೂತೋರು ಲೆಕ್ಕಕ್ಕಿಲ್ಲ. ಬೋರ್ಡ್ ಕೂಡ ಸಣ್ಣ ಸ್ಟಿಕ್ಕರ್ ಅಲ್ಲ: 18 ಸೆಂಟಿಮೀಟರ್ ಚೌಕ, ಬಿಳಿ ಹಿನ್ನೆಲೆ, ಕೆಂಪು ಎಲ್, ಮುಂದೊಂದು ಹಿಂದೊಂದು.

ದಂಡ ಹೋಗಲಿ, ನಿಜವಾದ ಪೆಟ್ಟು ಇನ್ಶೂರೆನ್ಸಲ್ಲಿ. ನಿಮ್ಮ ಪಾಲಿಸಿ ಕಾಗದ ತೆಗೆದು ಡ್ರೈವರ್ ಬಗ್ಗೆ ಇರೋ ಸಾಲು ಓದಿ. ಎಲ್‌ಎಲ್‌ಆರ್ ಇರೋರು ಓಡಿಸಬಹುದು, ಆದ್ರೆ ಕೇಂದ್ರ ನಿಯಮಗಳ 3ನೇ ನಿಯಮ ಪಾಲಿಸಿರಬೇಕು ಅಂತ ಇರುತ್ತೆ. ಆ 3ನೇ ನಿಯಮವೇ ಮೇಲೆ ಹೇಳಿದ ಪಕ್ಕದವರು ಮತ್ತು ಎಲ್ ಬೋರ್ಡ್. ಒಬ್ಬರೇ ಹೋಗಿ ಯಾರಿಗಾದ್ರೂ ಗುದ್ದಿದ್ರೆ ಪರಿಹಾರದ ಭಾರ ಮನೆ ಮೇಲೆ ಬಂದು ಕೂರಬಹುದು.

ಅಂಗಡಿ ಸಾಮಾನು ತಲುಪಿಸೋಕೆ ಹದಿನೈದು ಹದಿನಾರರ ಹುಡುಗನ ಕೈಗೆ ಸ್ಕೂಟಿ ಕೊಡೋರು ಇದನ್ನೂ ಓದಿ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ಓಡಿಸಿ ತಪ್ಪಾದ್ರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗೋವರೆಗೆ ಎಲ್‌ಎಲ್‌ಆರ್ ಸಿಗಲ್ಲ.

ಟೆಸ್ಟಿಗೆ ಹೋಗೋರಿಗೆ: ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತೆ, ಸಿಕ್ಕಿ 30 ದಿನ ಆದ ಮೇಲೆ ಟೆಸ್ಟ್. ಡ್ರೈವಿಂಗ್ ಸ್ಕೂಲಿಗೆ ಸೇರಿದ್ರೆ ಸಣ್ಣ ಗಾಡಿಗೆ ಕನಿಷ್ಠ 21 ದಿನ ತರಬೇತಿ, ಅದರಲ್ಲಿ ಸ್ಟೇರಿಂಗ್ ನಿಮ್ಮ ಕೈಲಿರೋ ಹೊತ್ತು 10 ಗಂಟೆಗೆ ಕಡಿಮೆ ಇರಬಾರದು ಅಂತ ನಿಯಮ ಇದೆ. ನಾನು ಸೇರಿದ್ದ ಕಡೆ ಒಂದೇ ಕಾರಲ್ಲಿ ನಾಲ್ಕು ಜನ, ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ನಿಮಿಷ, ರಿವರ್ಸ್ ಕೊನೇ ಎರಡು ದಿನ. ಸೇರೋ ಮುಂಚೆನೇ ಈ 10 ಗಂಟೆ ಲೆಕ್ಕ ಕೇಳಿ, ದಿನಾ ಎಷ್ಟು ನಿಮಿಷ ಓಡಿಸಿದ್ರಿ ಅಂತ ಬರೆದಿಟ್ಟುಕೊಳ್ಳಿ. ಫೇಲಾದ್ರೆ 7 ದಿನ ಆದ ಮೇಲೆ ಮತ್ತೆ ಹೋಗಬಹುದು. ಮೂರು ಸಲ ಫೇಲಾದ್ರೆ ಮಾತ್ರ ಕೊನೇ ಟೆಸ್ಟಿಂದ 60 ದಿನ ಕಾಯಬೇಕು. ಟೆಸ್ಟಿಗೆ ತಗೊಂಡು ಹೋಗೋ ಗಾಡಿಯಲ್ಲೇ ಮುಂಚೆ ನಾಲ್ಕು ದಿನ ಓಡಿಸಿರಿ. ಕ್ಲಚ್ ಕಚ್ಚೋ ಜಾಗ ಒಂದೊಂದು ಗಾಡಿಗೆ ಒಂದೊಂದು ಥರ ಇರುತ್ತೆ. ನಾನು ಎರಡನೇ ಸಲ ಫೇಲಾಗಿದ್ದು ಅದಕ್ಕೇ.